ಸಾಲಗಾಮೆಯ ಜ್ಯೂರಿಯಣ್ಣ

ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುವವರು ನಮ್ಮ ಹಾಸನ ಜಿಲ್ಲೆಯಲ್ಲಿ ಮನೆಗೊಬ್ಬರು. ಹೊಳೆನರಸೀಪುರದ ಕಡೆ ಹೋದರೆ ಮನೆಗಿಬ್ಬರು. ಮಳೆ ಹೇಳುವವರಿದ್ದಾರೆ, ಶುಂಠಿ ರೇಟು ಹೇಳಿ ಊರನ್ನೇ ಮುಳುಗಿಸಿದವರಿದ್ದಾರೆ. ಸಿನಿಮಾ ಪ್ರಶಸ್ತಿ ಯಾರಿಗೆ ಬರುತ್ತದೆಂದು ಹೇಳುವ ತಳಿ ಮಾತ್ರ ಅಪರೂಪದ್ದು. ಸಾಲಗಾಮೆಯ ಪುಣ್ಯ, ಅಂಥವರೊಬ್ಬರು ನಮ್ಮಲ್ಲಿದ್ದಾರೆ. ನನ್ನ ಪಾಪ, ಅವರು ಕೂರುವ ಟೀ ಅಂಗಡಿ ನಾನು ಶಾಲೆ ಬಿಟ್ಟು ಬರುವ ದಾರಿಯಲ್ಲೇ ಇದೆ.

ಅಸಲು ಹೆಸರು ರೇಷನ್ ಕಾರ್ಡಿನಲ್ಲಿದೆ. ಊರ ಬಾಯಲ್ಲಿ ಅವರು ಜ್ಯೂರಿಯಣ್ಣ. ಒಂದಿಷ್ಟು ಜೋಳ, ಒಂದಿಷ್ಟು ಆಲೂಗೆಡ್ಡೆ, ಎರಡು ಹಸು, ಮತ್ತು ಕಂಕುಳಲ್ಲಿ ಸದಾ ಒಂದು ಕರಿ ರಟ್ಟಿನ ನೋಟ್‌ಬುಕ್. ಈ ಕಡೆಯಿಂದ ತೆರೆದರೆ ಡೈರಿಗೆ ಹಾಕಿದ ಹಾಲಿನ ಲೆಕ್ಕ, ಆ ಕಡೆಯಿಂದ ತೆರೆದರೆ ಪ್ರಶಸ್ತಿಯ ಲೆಕ್ಕ. ಹಾಲಿನ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ.

ಅವರು ಸಿನಿಮಾ ನೋಡುವುದಿಲ್ಲ. ಕೇಳಿದರೆ, "ನೋಡಿದ್ರೆ ಪಕ್ಷಪಾತ ಬಂದ್ಬಿಡ್ತದೆ ಮೇಷ್ಟ್ರೇ" ಅನ್ನುತ್ತಾರೆ. ನೋಡುವುದು ಪೋಸ್ಟರು, ಪತ್ರಿಕೆಯ ಸಿನಿಮಾ ಪುಟ, ಮತ್ತು ಈ ಸಲದ ಜ್ಯೂರಿ ಅಧ್ಯಕ್ಷರ ಮುಖ. ಪೋಸ್ಟರಿನಲ್ಲಿ ನಾಯಕ ಕ್ಯಾಮೆರಾ ಬಿಟ್ಟು ಬೇರೆ ಕಡೆ ನೋಡುತ್ತಿದ್ದರೆ ರಾಷ್ಟ್ರ ಪ್ರಶಸ್ತಿ, ನಮ್ಮ ಕಡೆಗೇ ನೋಡುತ್ತಿದ್ದರೆ ನೂರು ದಿನ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇದಕ್ಕೆ ಅವರ ಬಳಿ ಪುರಾವೆಯೂ ಉಂಟು. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' — ಸ್ವರ್ಣಕಮಲ ತಂದ ಈ ಆರು ಕನ್ನಡ ಚಿತ್ರಗಳನ್ನು ಅವರು ಮಗ್ಗಿಯಂತೆ ಒಪ್ಪಿಸಿ, "ಆರರಲ್ಲಿ ನಾಲ್ಕು ಕಾಸರವಳ್ಳಿಯವರದ್ದು. ಒಂದ್ರಲ್ಲಾದ್ರೂ ಫೈಟ್ ಐತಾ ಹೇಳಿ?" ಎಂದು ನನ್ನನ್ನೇ ಕೇಳುತ್ತಾರೆ. ಆರನ್ನೂ ನೋಡಿರುವ ನಾನು ಬಾಯಿ ಮುಚ್ಚಿಕೊಂಡು ಟೀ ಕುಡಿಯುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅವರ ಹತ್ತಿರ ತಮಾಷೆ ನಡೆಯುವುದಿಲ್ಲ. ಡಾ. ರಾಜ್‌ಕುಮಾರ್‌ಗೆ ಅತ್ಯುತ್ತಮ ನಟನೆಂದು ರಾಷ್ಟ್ರ ಪ್ರಶಸ್ತಿ ಬರಲೇ ಇಲ್ಲ. 1992ರ 'ಜೀವನ ಚೈತ್ರ'ಕ್ಕೆ ಬಂದದ್ದು ಹಾಡಿದ್ದಕ್ಕೆ. ಅದಕ್ಕೂ ಮೊದಲೇ 'ಬೆಟ್ಟದ ಹೂವು' ಚಿತ್ರಕ್ಕೆ ಪುಟ್ಟ ಪುನೀತ್‌ಗೆ ಬಾಲನಟ ಪ್ರಶಸ್ತಿ ಬಂದಿತ್ತು. "ಮಗನಿಗೆ ಕೊಟ್ರು, ಗಂಟಲಿಗೆ ಕೊಟ್ರು, ಆ ಮುಖಕ್ಕೆ ಕೊಡಲಿಲ್ಲ" ಎಂದು ಜ್ಯೂರಿಯಣ್ಣ ಹೇಳುವಾಗ 1995ರ ಫಾಲ್ಕೆ ಪ್ರಶಸ್ತಿಯನ್ನು ನೆನಪಿಸಬಾರದು. ನೆನಪಿಸಿದವರಿಗೆ ಆ ಸಂಜೆ ಮನೆಗೆ ಹೋಗುವುದು ತಡವಾಗುತ್ತದೆ.

ಆಸ್ಕರ್ ಅವರಿಗೆ ಪರದೇಶದ ವ್ಯವಹಾರ. ಆದರೂ 2023ರ ಮಾರ್ಚ್ 13ರಂದು ಕೋಳಿ ಕೂಗುವ ಮುಂಚೆ ನನಗೆ ಫೋನ್ ಬಂತು. 'ನಾಟು ನಾಟು' ಗೆಲ್ಲುತ್ತದೆಂದು ಬರೆದಿದ್ದರು, ಗೆದ್ದಿತು. ಅತ್ಯುತ್ತಮ ಚಿತ್ರವೂ 'ಆರ್‌ಆರ್‌ಆರ್' ಎಂದು ಬರೆದಿದ್ದರು. ಅದು ಆ ವಿಭಾಗದ ಪಟ್ಟಿಯಲ್ಲೇ ಇರಲಿಲ್ಲ. ಇರಲಿಲ್ಲವಾದ್ದರಿಂದ ಆ ಸಾಲು ಲೆಕ್ಕಕ್ಕಿಲ್ಲವಂತೆ. ಅದೇ ದಿನ ಮುದುಮಲೈ ಆನೆಮರಿಗಳ 'ದಿ ಎಲಿಫೆಂಟ್ ವಿಸ್ಪರರ್ಸ್' ಚಿತ್ರಕ್ಕೂ ಆಸ್ಕರ್ ಬಂದಾಗ, ಆಲೂರಿನಿಂದ ಬಂದಿದ್ದ ಅವರ ಭಾವಮೈದುನ, "ನಮ್ಮ ಗದ್ದೆಗೆ ಬರೋವಕ್ಕೂ ಕೊಟ್ಟು ಕಳಿಸ್ಲಿ ಭಾವ, ಅಮೆರಿಕದಲ್ಲೇ ಇರ್ಲಿ" ಅಂದ.

2024ರ ಆಗಸ್ಟ್ 16, ಶುಕ್ರವಾರ. ವರಮಹಾಲಕ್ಷ್ಮಿ ಹಬ್ಬ. ಹೆಂಗಸರು ಕಳಶಕ್ಕೆ ಸೀರೆ ಉಡಿಸಿ ಮುಗಿಸಿದ ಹೊತ್ತಿಗೆ ದೆಹಲಿಯಲ್ಲಿ 70ನೇ ರಾಷ್ಟ್ರ ಪ್ರಶಸ್ತಿ ಪ್ರಕಟವಾಯಿತು. ಜ್ಯೂರಿಯಣ್ಣ 'ಕೆಜಿಎಫ್ ಚಾಪ್ಟರ್ 2'ರ ಯಶ್ ಎಂದು ಬರೆದಿದ್ದರು. ಕಾರಣ ಪೋಸ್ಟರಲ್ಲ, ಭುವನಹಳ್ಳಿ. ಯಶ್ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿ. ಬಂದದ್ದು 'ಕಾಂತಾರ'ದ ರಿಷಬ್ ಶೆಟ್ಟಿಗೆ. 'ಕೆಜಿಎಫ್'ಗೆ ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿ, ಜೊತೆಗೆ ಸಾಹಸಕ್ಕೆ. ಇವರು ಒಬ್ಬಟ್ಟು ಮುರಿಯುತ್ತ, "ಕನ್ನಡದವನಿಗೇ ಅಂದಿದ್ದೆನೋ ಇಲ್ವೋ?" ಎಂದರು. ಹಬ್ಬದ ದಿನ ಜಗಳ ಬೇಡವೆಂದು ಎಲ್ಲರೂ ಹೌದೆಂದೆವು. ಮುಂದಿನ ವರ್ಷ ಅತ್ಯುತ್ತಮ ಕನ್ನಡ ಚಿತ್ರ 'ಕಂದೀಲು' ಎಂದಾಗ ಇಡೀ ಬೆಂಚಿನಲ್ಲಿ ಒಬ್ಬರೂ ಆ ಹೆಸರು ಕೇಳಿರಲಿಲ್ಲ. ಜ್ಯೂರಿಯಣ್ಣ ಮಾತ್ರ ಗಂಭೀರವಾಗಿ, "ಕೇಳಿಲ್ಲ ಅಂದ್ಮೇಲೆ ಬರಲೇಬೇಕಿತ್ತು" ಎಂದರು.

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಜ್ಯೂರಿಯಣ್ಣ ಒಂದು ದಿನ ಮಂಕಾಗಿದ್ದರು. ಜಿಲ್ಲಾ ಕೇಂದ್ರಕ್ಕೇ ಬಂದ ಪ್ರಶಸ್ತಿ ತಮ್ಮ ನೋಟ್‌ಬುಕ್ಕಿಗೆ ತಿಳಿಸದೆ ಬಂದುಬಿಟ್ಟಿತಲ್ಲ! ಮರುದಿನ ಚೇತರಿಸಿಕೊಂಡರು. ಬಾನು ಅವರ 'ಕರಿ ನಾಗರಗಳು' ಕಥೆಯನ್ನೇ ಕಾಸರವಳ್ಳಿ 'ಹಸೀನಾ' ಮಾಡಿದ್ದು, 2004ರ ಸಾಲಿನಲ್ಲಿ ತಾರಾಗೆ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ತಂದದ್ದು ಎಲ್ಲಿಂದಲೋ ಸಿಕ್ಕಿತ್ತು. "ಸಿನಿಮಾದವರು ಇಪ್ಪತ್ತು ವರ್ಷ ಮುಂಚೆನೇ ಕೊಟ್ಟವ್ರೆ. ಲಂಡನ್ನವರು ಲೇಟು."

ಲೇಟು ಅಂದಮೇಲೆ ರಾಜ್ಯ ಪ್ರಶಸ್ತಿಗೆ ಬರಲೇಬೇಕು. ಭವಿಷ್ಯ ಹೇಳುವವನ ಮಾನ ಉಳಿಯುವುದು ಫಲಿತಾಂಶ ಬೇಗ ಬಂದರೆ ಮಾತ್ರ. 2020ರ ಜನವರಿಯಲ್ಲಿ 2018ರ ಪಟ್ಟಿ ಬಂತು. 'ಅಮ್ಮನ ಮನೆ'ಯ ರಾಘವೇಂದ್ರ ರಾಜ್‌ಕುಮಾರ್, 'ಇರುವುದೆಲ್ಲವ ಬಿಟ್ಟು' ಚಿತ್ರದ ಮೇಘನಾ ರಾಜ್. ಇವರ ನೋಟ್‌ಬುಕ್ಕಿನಲ್ಲಿ ಎರಡೂ ಇರಲಿಲ್ಲ. ಆ ಸೋಲಿನ ಬಿಸಿಯಲ್ಲೇ 2019ರ ಪುಟ ತೆರೆದರು. ಪಂಥ ದುಡ್ಡಿನದಲ್ಲ: ಗೆದ್ದವರಿಗೆ ಸೋತವರು ಆಲೂ ಬೋಂಡ, ಟೀ ಕೊಡಿಸಬೇಕು. ಜ್ಯೂರಿಯಣ್ಣ 'ಪೈಲ್ವಾನ್'ನ ಸುದೀಪ್ ಎಂದು ಬರೆದರು: "ಅಷ್ಟು ಕಸರತ್ತು ಮಾಡವ್ನೆ, ಜ್ಯೂರಿಗೆ ಬೆವರು ಕಾಣ್ಬೇಕು." ವೈರಿಂಗ್ ಕೆಲಸದ ಹುಡುಗ 'ನಟಸಾರ್ವಭೌಮ'ದ ಪುನೀತ್‌ಗೆ ಹಾಕಿದ. ಡೈರಿ ಕಾರ್ಯದರ್ಶಿ ಯಾರಿಗೂ ಹಾಕದೆ ಜ್ಯೂರಿಯಣ್ಣನ ವಿರುದ್ಧ ಹಾಕಿದರು. ನಮ್ಮ ಟೈಲರ್ 'ಬೆಲ್ ಬಾಟಮ್'ನ ರಿಷಬ್ ಶೆಟ್ಟಿ ಎಂದು ತಾನೇ ಪೆನ್ನು ಕಸಿದು ಬರೆದ. ಸಿನಿಮಾ ನೋಡಿರಲಿಲ್ಲ, ಆ ಹೆಸರಿನ ಪ್ಯಾಂಟು ಹೊಲಿದ ಕಾಲದ ಋಣ ಅಂದ.

ಆಮೇಲೆ ಲಾಕ್‌ಡೌನ್ ಬಂತು. ದೆಹಲಿಯವರು ಕೂಡ 2021ರ ಮಾರ್ಚಿನಲ್ಲಿ 2019ರ ಲೆಕ್ಕ ಮುಗಿಸಿ, 'ಅಕ್ಷಿ'ಗೆ ಅತ್ಯುತ್ತಮ ಕನ್ನಡ ಚಿತ್ರವೆಂದು ಕೊಟ್ಟು ಕೈ ತೊಳೆದುಕೊಂಡರು. ಬೆಂಗಳೂರಿನಿಂದ ಸುದ್ದಿಯಿಲ್ಲ. ವೈರಿಂಗ್ ಹುಡುಗ ಬೆಂಗಳೂರಿಗೆ ಹೋಗಿ ಕ್ಯಾಬ್ ಓಡಿಸತೊಡಗಿದ. ಕಾರ್ಯದರ್ಶಿ ನಿವೃತ್ತರಾದರು. ಟೈಲರ್ ಕೊರೋನಾದ ಎರಡನೇ ಅಲೆಯಲ್ಲಿ ಹೋದ.

2025ರ ಜನವರಿ 22ರಂದು 2019ರ ಪಟ್ಟಿ ಬಂತು. ಅತ್ಯುತ್ತಮ ನಟ: ಸುದೀಪ್, 'ಪೈಲ್ವಾನ್'.

ಆ ಸಂಜೆ ಜ್ಯೂರಿಯಣ್ಣ ಇಸ್ತ್ರಿ ಮಾಡಿದ ಷರಟು ತೊಟ್ಟು ಬಂದಿದ್ದರು. ಎಲ್ಲರಿಗೂ ಪುಟ ತೋರಿಸಿದರು, ಬಸ್ಸಿಗೆ ಕಾಯುತ್ತಿದ್ದ ಅಪರಿಚಿತರಿಗೂ. ಬೋಂಡ ಮರುದಿನಕ್ಕೆ ನಿಗದಿಯಾಯಿತು. ಮರುದಿನ ಎಣ್ಣೆ ಕಾಯುವಷ್ಟರಲ್ಲಿ ಸುದ್ದಿ ಬಂತು. ಪ್ರಶಸ್ತಿ ತೆಗೆದುಕೊಳ್ಳುವುದನ್ನು ಎಷ್ಟೋ ವರ್ಷದ ಹಿಂದೆಯೇ ಬಿಟ್ಟಿದ್ದೇನೆ, ಅರ್ಹರಾದ ಬೇರೆಯವರಿಗೆ ಕೊಡಿ ಎಂದು ಸುದೀಪ್ ನಯವಾಗಿ ಬೇಡವೆಂದಿದ್ದರು.

ನಿವೃತ್ತ ಕಾರ್ಯದರ್ಶಿಗಳಿಗೆ ಹತ್ತು ವರ್ಷ ವಯಸ್ಸು ಇಳಿಯಿತು. "ತಗಂಡ್ರೆ ತಾನೆ ಗೆದ್ದಂಗೆ? ಧಾರೆ ಹೊತ್ನಲ್ಲಿ ಗಂಡು ಎದ್ದೋದ್ರೆ ಮದ್ವೆ ಆಯ್ತು ಅಂತಾರೇನ್ರಿ?"

"ಯಾರಿಗೆ ಕೊಡ್ತಾರೆ ಅಂತ ಬರೆದಿರೋದು. ಯಾರು ತಗೋತಾರೆ ಅಂತ ಅಲ್ಲ" ಎಂದರು ಜ್ಯೂರಿಯಣ್ಣ. ಅವರ ದನಿ ನಡುಗುತ್ತಿತ್ತು. ಪರದೇಶದ ಆಸ್ಕರ್ ಬಿಟ್ಟರೆ, ಅಷ್ಟು ವರ್ಷದಲ್ಲಿ ಪೂರ್ತಿ ಸರಿಯಾಗಿದ್ದ ಸಾಲು ಅದೊಂದೇ.

ಸಾಕ್ಷಿಗೆಂದು ಬೆಂಗಳೂರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಹಿಂದೆ ಹಾರ್ನುಗಳ ಗದ್ದಲ. "ನಾನು ಯಾರಿಗೆ ಹಾಕಿದ್ದೆ ಅಣ್ಣಾ?" ಎಂದ ಹುಡುಗ. "ಅಪ್ಪುಗೆ ಹಾಕಿದ್ದೆ ಕಣ್ಲಾ." ಸ್ವಲ್ಪ ಹೊತ್ತು ಬರೀ ಹಾರ್ನು. "ಹಂಗಾದ್ರೆ ನಾನೇನೂ ಸೋತಿಲ್ಲ ಬಿಡಿ" ಎಂದು ಅವನು ಫೋನಿಟ್ಟ.

ಟೈಲರ್ ಬರೆದ ಸಾಲಿನ ಪಕ್ಕದಲ್ಲಿ ಜ್ಯೂರಿಯಣ್ಣ ಯಾವಾಗಲೋ ಟಿಪ್ಪಣಿ ಹಾಕಿದ್ದರು: 'ಸರಿ. ಸಿನಿಮಾ ಬೇರೆ.' 'ಕಾಂತಾರ'ಕ್ಕೆ ಬಂದ ದಿನ ಬರೆದಿರಬೇಕು. ನನಗೆ ಅಲ್ಲಿಯವರೆಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಗೆಲ್ಲುವುದಕ್ಕಿಂತ ಬರೆಸಿಕೊಳ್ಳುವುದು ಈ ಮನುಷ್ಯನಿಗೆ ಮುಖ್ಯವೇನೋ, ಬೆಂಚಿನಲ್ಲಿ ಯಾರ್ಯಾರು ಕೂತಿದ್ದರೆಂಬುದಕ್ಕೆ ಇದೊಂದು ಹಾಜರಿ ಪುಸ್ತಕವೇನೋ ಎಂದೆಲ್ಲ ಮೇಷ್ಟ್ರ ಬುದ್ಧಿ ಓಡುತ್ತಿತ್ತು.

ಅಂಗಡಿಯವನು ಅಡ್ಡ ಬಂದ. "ಯಾರ್ ಗೆದ್ರೋ ನಂಗೊತ್ತಿಲ್ಲ. ಬೋಂಡ ಆಗೈತೆ, ದುಡ್ಡು ಯಾರು ಕೊಡ್ತೀರಿ?" ಇಬ್ಬರೂ ನನ್ನ ಕಡೆ ನೋಡಿದರು. ಸರ್ಕಾರಿ ಸಂಬಳದವನ ಹಣೆಬರಹ, ಕೊಟ್ಟೆ.

ಬೋಂಡದ ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ಜ್ಯೂರಿಯಣ್ಣ ಹಾಳೆ ತಿರುವಿದರು. "ಈಗ 2020ರದ್ದು. ಹೇಳಿ ಮೇಷ್ಟ್ರೇ, ನಿಮ್ಮದು ಯಾರು?"

"ಆ ವರ್ಷ ಯಾವ ಸಿನಿಮಾ ಬಂತು ಅಂತಲೇ ನೆನಪಿಲ್ಲವಲ್ಲಣ್ಣಾ."

"ಥಿಯೇಟರೇ ಮುಚ್ಚಿದ್ವಲ್ಲ, ಕಮ್ಮಿ ಅವೆ, ಸಲೀಸು. ಇದು ಬರೋ ಹೊತ್ಗೆ ನಿಮಗೆ ರಿಟೈರ್‌ಮೆಂಟ್ ಆಗಿರ್ತದೆ, ಈಗ್ಲೇ ಬರೆಸ್ಬಿಡಿ. ಬೇಗ, ಡೈರಿ ಬಾಗಿಲು ಹಾಕ್ತಾರೆ."