ತೂಬುಶಾಸ್ತ್ರ: ಸಿಟಿಒ ಎಂಬ ನೀರಗಂಟಿಯ ಕುರಿತು ಕಿರುಭಾಷ್ಯ

ಪ್ರತಿಜ್ಞೆ: ವೈಟ್‌ಫೀಲ್ಡಿನ ಸಿಟಿಒ (ಕಂಪನಿಯ ಮುಖ್ಯ ತಂತ್ರಜ್ಞಾನ ಅಧಿಕಾರಿ) ಎಂಬ ಪ್ರಾಣಿಯ ಮೂಲವನ್ನು ಪಂಡಿತರು ಅಮೆರಿಕದಲ್ಲಿ ಹುಡುಕುತ್ತಾರೆ. ತಪ್ಪು. ಆತ ಕೋಲಾರ ಸೀಮೆಯ ನೀರಗಂಟಿಯ ವಂಶದವನು.

ಲಕ್ಷಣ: ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆಯಲ್ಲಿ ಕೆರೆಯೇ ಬಜೆಟ್ಟಾಗಿತ್ತು. ತೂಬು ಒಂದು, ಗದ್ದೆ ನೂರು. ಯಾರಿಗೆ ಎಷ್ಟು ಹೊತ್ತು ನೀರೆಂದು ಗೊತ್ತುಮಾಡಿ ತೂಬೆತ್ತುತ್ತಿದ್ದವನು ನೀರಗಂಟಿ. ಸಿಟಿಒಗೂ ಇಂಜಿನಿಯರು ನಲವತ್ತು, ಬೇಡಿಕೆ ನಾನೂರು.

ವರ್ಗೀಕರಣ: ಬೇಡಿಕೆಗಳು ನಾಲ್ಕು ತಾಲ್ಲೂಕಿನವು.

ಮುಳಬಾಗಿಲು ವರ್ಗ: ಸೇಲ್ಸಿನವರದು. ಅಲ್ಲಿನ ದೋಸೆಯಂತೆ ಕಾವಲಿಯಿಂದ ನೇರ ತಟ್ಟೆಗೇ ಬೀಳಬೇಕು. ಆರಿದರೆ ಗಿರಾಕಿ ಎದ್ದ.

ಶ್ರೀನಿವಾಸಪುರ ವರ್ಗ: ಸಂಶೋಧನೆ. ಮಾವಿನ ಸಸಿಯ ಹಾಗೆ. ವರ್ಷಗಟ್ಟಲೆ ಕಾಯಬೇಕು, ಹೂವಿನ ಹೊತ್ತಿಗೆ ಮಳೆ ಹೊಡೆದರೆ ಅದೂ ಇಲ್ಲ.

ಮಾಲೂರು ವರ್ಗ: ಹಳೇ ಕೋಡಿನ ರಿಪೇರಿ. ಮಾಲೂರು ಹೆಂಚು ಒಡೆದದ್ದು ಸೋರುವ ತನಕ ಯಾರಿಗೂ ಕಾಣದು.

ಕೋಲಾರ ವರ್ಗ: ಆಡಳಿತ ಮಂಡಳಿಯ ಎಐ. ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿತು. ಪಕ್ಕದವನು ನೆಟ್ಟನೆಂದು ಎಲ್ಲರೂ ನೆಟ್ಟರೆ ಮುಂದಿನ ಬೆಳೆ ರಸ್ತೆಗೆ.

ಪೂರ್ವಪಕ್ಷ: ನಾಲ್ಕನ್ನೂ ಸರಿದೂಗಿಸಬೇಕೆಂದು ಮ್ಯಾನೇಜ್‌ಮೆಂಟ್ ಆಚಾರ್ಯರು.

ಖಂಡನೆ: ಆಚಾರ್ಯರು ತಕ್ಕಡಿ ಕಂಡವರು, ತೂಬು ಕಂಡವರಲ್ಲ. ನೂರು ಗದ್ದೆಗೂ ಒಟ್ಟಿಗೆ ಬಿಟ್ಟ ನೀರು ಕಾಲುವೆಯಲ್ಲೇ ಇಂಗುತ್ತದೆ. ನೀರಗಂಟಿ ಸರಿದೂಗಿಸುತ್ತಿರಲಿಲ್ಲ, ಸರದಿ ಇಡುತ್ತಿದ್ದ. 'ನಿನಗೆ ನಾಳೆ' ಎಂದು ಗೌಡರ ಮುಖಕ್ಕೇ ಹೇಳುವುದೇ ಅವನ ಕಸುಬು. ಸಿಟಿಒ ಅದನ್ನೇ ಸ್ಲೈಡಿನಲ್ಲಿ 'ಮುಂದಿನ ತ್ರೈಮಾಸಿಕ' ಎನ್ನುತ್ತಾನೆ.

ಉಪಪತ್ತಿ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿದ ನೀರು ಎರಡು ಹಂತ ಶುದ್ಧಿಯಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಸಂಜೆಯ ಮಾಲೂರು ರೈಲಿನಲ್ಲಿ ಲ್ಯಾಪ್‌ಟಾಪ್ ಚೀಲ ತಬ್ಬಿ ತೂಕಡಿಸುವ ಸಿಟಿಒನನ್ನೂ ಬೆಂಗಳೂರು ಬಳಸಿಯೇ ಕಳಿಸಿರುತ್ತದೆ. ಮೂರನೆಯ ಹಂತ ಹೆಂಡತಿಯ ಪಾಲಿನದು.

ಶಂಕೆ: ಹಾಗಾದರೆ ಇಬ್ಬರೂ ಒಂದೇಯೋ?

ಸಿದ್ಧಾಂತ: ಅಲ್ಲ. ನೀರಗಂಟಿಯ ಕೂಲಿಯನ್ನು ಸುಗ್ಗಿಯಲ್ಲಿ ಕಣದಲ್ಲೇ ಕಾಳಾಗಿ ಅಳೆಯುತ್ತಿದ್ದರು. ಕಡೇ ಗದ್ದೆ ಒಣಗಿದರೆ ಅವನ ಮೊರವೂ ಅಷ್ಟು ಹಗುರ. ಆದ್ದರಿಂದ ನಡುರಾತ್ರಿ ಗುದ್ದಲಿ ಹೆಗಲಿಗೇರಿಸಿ ಕಡೇ ಗದ್ದೆಯವರೆಗೂ ನಡೆದು, ಮಣ್ಣಿಗೆ ಪಾದ ಒತ್ತಿ ತೇವ ನೋಡುತ್ತಿದ್ದ. ಸಿಟಿಒ ಡ್ಯಾಶ್‌ಬೋರ್ಡಿನಲ್ಲಿ ನೋಡುತ್ತಾನೆ. ಅಲ್ಲಿ ಕಡೇ ಗದ್ದೆ ಸದಾ ಹಸಿರು.