ಧೂಮಸಂಸ್ಕಾರ ಮೀಮಾಂಸೆ: ಅಮೆರಿಕದ ಡೀಸೆಲ್ ಪಿಕಪ್ಪಿನ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬೇಕೆಂಬುದು ನಮ್ಮ ತಾರ್ಕಿಕರ ಹಳೆಯ ಪಾಠ. ಅಮೆರಿಕದ ಡೀಸೆಲ್ ಪಿಕಪ್ ಪಂಥದವರು ಅದಕ್ಕೊಂದು ತಿದ್ದುಪಡಿ ತಂದಿದ್ದಾರೆ: ಹೆದ್ದಾರಿಯಲ್ಲಿ ಕಪ್ಪು ಹೊಗೆ ಕಂಡರೆ ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ ಇದೆಯೆಂದು ಊಹಿಸತಕ್ಕದ್ದು. ಆ ಸ್ವಿಚ್ಚಿಗೂ ಮೊದಲು ನಡೆಯುವ, ಮಾಲಿನ್ಯ ನಿಯಂತ್ರಣದ ಸಾಧನಗಳನ್ನು ತೆಗೆದುಹಾಕುವ ‘ಡಿಲೀಟ್’ ಎಂಬ ಸಂಸ್ಕಾರವೇ ಪ್ರಸ್ತುತ ಪ್ರಬಂಧದ ವಿಷಯ.

ಸಂಸ್ಕಾರವಾಗದ ಗಾಡಿ ತ್ರಿದೋಷಪೀಡಿತ. ಮೊದಲನೆಯದು ಇಜಿಆರ್. ಎಂಜಿನ್ ಉಗುಳಿದ ಹೊಗೆಯ ಒಂದು ಪಾಲನ್ನು ಅದಕ್ಕೇ ಮರಳಿ ಕುಡಿಸಿ, ದಹನದ ಶಾಖವನ್ನೂ ನೈಟ್ರೋಜನ್ ಆಕ್ಸೈಡನ್ನೂ ಇಳಿಸುವುದು ಇದರ ಕೆಲಸ. ಎರಡನೆಯದು 2007ರ ಮಾದರಿಗಳೊಡನೆ ಬಂದ ಡಿಪಿಎಫ್: ಮಸಿಯನ್ನು ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಸುಟ್ಟುಹಾಕುವ ಫಿಲ್ಟರ್. ಮೂರನೆಯದು 2010ರ ಹೊತ್ತಿಗೆ ಸೇರಿದ, ಹೊಗೆಯಲ್ಲುಳಿದ ನೈಟ್ರೋಜನ್ ಆಕ್ಸೈಡನ್ನು ಇಳಿಸುವ ಎಸ್‌ಸಿಆರ್. ಇದಕ್ಕೆ ಡೆಫ್ ಎಂಬ ದ್ರವ ಬೇಕು, ಅದರಲ್ಲಿ ಶೇ. 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಮಂಡ್ಯದ ಗದ್ದೆಗೆ ಎರಚುವ ಯೂರಿಯಾದ್ದೇ ಕುಲ, ಮಡಿ ಮಾತ್ರ ಹೆಚ್ಚು.

ಡಿಲೀಟ್ ಮಾಡಿಸುವವರ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಡೆಫ್ ಮೈನಸ್ 11 ಡಿಗ್ರಿಗೇ ಹೆಪ್ಪುಗಟ್ಟುತ್ತದೆ; ನಾರ್ತ್ ಡಕೋಟದ ಚಳಿಗಾಲಕ್ಕೆ ಮೈನಸ್ 11 ಯಾವ ಲೆಕ್ಕ? ಟ್ಯಾಂಕಿನೊಳಗೆ ಹೀಟರ್ ಇದೆ, ನಿಜ. ಹೀಟರೋ ಸೆನ್ಸರೋ ಕೆಟ್ಟರೆ ಪರದೆಯ ಮೇಲೆ ಇಂತಿಷ್ಟೇ ಮೈಲಿ ಉಳಿದಿದೆ ಎಂಬ ಎಣಿಕೆ ಶುರುವಾಗುತ್ತದೆ. ಅದು ಮುಗಿದರೆ ಹಲವು ಮಾದರಿಗಳಲ್ಲಿ ಗಂಟೆಗೆ 5 ಮೈಲಿ. ಹಿಂದೆ ಟ್ರೇಲರಿನಲ್ಲಿ ದನ, ಸುತ್ತ ಹಿಮ, ಮುಂದೆ ಎತ್ತಿನ ಗಾಡಿಯ ವೇಗ: ರೈತನ ಬಾಯಲ್ಲಿ ಆಗ ಬರುವ ಪದಗಳು ಯಾವ ನಿಘಂಟಿಗೂ ಸೇರವು. ಪೇಟೆಗೆ ಹೋಗಿಬರುವಷ್ಟೇ ಓಡುವ ಗಾಡಿಯಲ್ಲಿ ಮಸಿ ಪೂರ್ತಿ ಸುಡುವುದೂ ಇಲ್ಲ. ಫಿಲ್ಟರ್ ಕಟ್ಟಿಕೊಂಡರೆ ಹೊಸದಕ್ಕೆ ಸಾವಿರಾರು ಡಾಲರ್.

ಇನ್ನು ಡಿಲೀಟ್ ಸಂಸ್ಕಾರದ ವಿಧಿ ಹೀಗಿದೆ. ಫಿಲ್ಟರ್ ಕತ್ತರಿಸಿ ಆ ಜಾಗಕ್ಕೆ ಬರೀ ಪೈಪು. ಇಜಿಆರ್ ಬಾಯಿಗೆ ತಗಡು. ಇಷ್ಟಾದರೆ ಕಂಪ್ಯೂಟರು ರಂಪ ಮಾಡುತ್ತದೆ. ಆದ್ದರಿಂದ ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಟ್ಯೂನರ್ ಚುಚ್ಚಿ ಹೊಸ ಸಾಫ್ಟ್‌ವೇರಿನ ಉಪದೇಶ ಕೊಡಬೇಕು. ಆಮೇಲೆ ಅದು ಕಳೆದುಕೊಂಡದ್ದಕ್ಕೆ ಶೋಕಿಸುವುದಿಲ್ಲ. ವೇದಾಂತಿಗಳಿಗೆ ಇಡೀ ಜನ್ಮ ಹಿಡಿಯುವ ನಿರ್ಮೋಹ ಇಲ್ಲಿ ಒಂದು ಕೇಬಲ್ಲಿನಿಂದ ಸಿದ್ಧಿಸುತ್ತದೆ.

ಅಮೆರಿಕದ ಕ್ಲೀನ್ ಏರ್ ಕಾಯ್ದೆಯ ಪ್ರಕಾರ ಇದು ಕಾನೂನುಬಾಹಿರ. ಹಾಗೆಂದೇ ಎಷ್ಟೋ ಕಿಟ್‌ಗಳ ಮೇಲೆ ‘ರೇಸಿಗೆ ಮಾತ್ರ’ ಎಂಬ ರಕ್ಷಾಮಂತ್ರ. ಸುಮಾರು ಒಂದು ದಶಕದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳು ಹೀಗೆ ಬದಲಾಗಿವೆಯೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಇಷ್ಟು ಸ್ಪರ್ಧಿಗಳ ರೇಸು ಭೂಮಂಡಲದಲ್ಲಿ ಮತ್ತೊಂದಿಲ್ಲ. ಟ್ರ್ಯಾಕ್ ಎಲ್ಲಿದೆಯೆಂಬುದು ಮಾತ್ರ ವಿದ್ವಾಂಸರಿಗೆ ಸಿಕ್ಕಿಲ್ಲ. ಈ ಪಿಕಪ್ಪುಗಳ ಜೀವಮಾನದ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್ 5.7 ಲಕ್ಷ ಟನ್, ಅಂದರೆ ಕಾನೂನುಬದ್ಧವಾದ ಇನ್ನೂ 90 ಲಕ್ಷ ಪಿಕಪ್‌ಗಳನ್ನು ರಸ್ತೆಗಿಳಿಸಿದಷ್ಟು.

ಇನ್ನು ಸ್ವಿಚ್ಚಿನ ವಿಚಾರ. ‘ರೋಲಿಂಗ್ ಕೋಲ್’ ಎಂಬ ಈ ಕ್ರಿಯೆಯಲ್ಲಿ ಗಾಳಿ ತಾಳುವುದಕ್ಕಿಂತ ಹೆಚ್ಚು ಡೀಸೆಲ್ಲನ್ನು ಎಂಜಿನ್ನಿಗೆ ಸುರಿಯುತ್ತಾರೆ. ಅರೆಬೆಂದ ಡೀಸೆಲ್ ಮೋಡವಾಗಿ ಹಿಂದಿನ ಸೈಕಲ್ ಸವಾರನಿಗೋ ಪ್ರಿಯಸ್ ಹೈಬ್ರಿಡ್ ಕಾರಿಗೋ ಅರ್ಪಣೆಯಾಗುತ್ತದೆ. ಪರಿಸರವಾದಿಯನ್ನು ಕೆಣಕಲು ಸ್ವಂತ ದುಡ್ಡು ಸುಡುವ ಈ ತ್ಯಾಗವನ್ನು ನ್ಯೂಜೆರ್ಸಿ 2015ರಲ್ಲೇ ನಿಷೇಧಿಸಿತು. ಯೂಟಾದಲ್ಲಿ ವೈದ್ಯರ ಸಂಘವೊಂದು ‘ಡೀಸೆಲ್ ಬ್ರದರ್ಸ್’ ಟಿವಿ ತಾರೆಯರನ್ನು ಕೋರ್ಟಿಗೆಳೆಯಿತು. 2020ರಲ್ಲಿ ಬಿದ್ದ ದಂಡ ಸುಮಾರು 8.5 ಲಕ್ಷ ಡಾಲರ್.

ಶಾಸ್ತ್ರಕಾರರನ್ನು ಕಾಡುವ ಒಂದು ಸಂದೇಹ ಉಳಿದಿದೆ. 2013ರಿಂದ 2019ರವರೆಗಿನ ಮಾದರಿಯ 6.3 ಲಕ್ಷ ರಾಮ್ ಪಿಕಪ್‌ಗಳ ಎಂಜಿನ್ನಿನಲ್ಲಿ ಮಾಲಿನ್ಯ ನಿಯಂತ್ರಣವನ್ನು ತಪ್ಪಿಸುವ ಸಾಧನಗಳಿದ್ದವೆಂದು ಎಂಜಿನ್ ತಯಾರಕ ಕಮಿನ್ಸ್ ಕಂಪನಿಯ ಮೇಲೆ ಸರ್ಕಾರ ಆರೋಪಿಸಿತು. ಕಂಪನಿ ತಪ್ಪೊಪ್ಪಿಕೊಳ್ಳಲಿಲ್ಲ, 167.5 ಕೋಟಿ ಡಾಲರ್ ದಂಡ ಕಟ್ಟಲು ಮಾತ್ರ ಒಪ್ಪಿತು. ಆ ಆರೋಪ ನಿಜವಾದರೆ, ಕಾರ್ಖಾನೆಯಲ್ಲೇ ಅರ್ಧ ಸಂಸ್ಕಾರವಾದ ಗಾಡಿಗೆ ಮಾಲೀಕ ಮತ್ತೆ ಡಿಲೀಟ್ ಮಾಡಿಸಿದಾಗ ಪುನರುಕ್ತಿ ದೋಷ ತಗಲುತ್ತದೆಯೋ ಇಲ್ಲವೋ? ಇಲ್ಲಿ ಮೆಕ್ಯಾನಿಕ್ಕುಗಳಲ್ಲೇ ಮತಭೇದವಿದೆ.