ಕೋಥ್ರೂಡಿನ ಕರಿಭೂತದೊಂದಿಗೆ ಒಂದು ಔಪಚಾರಿಕ ಸಂದರ್ಶನ

ನೈಫ್‌ಫಿಶ್ ಅಥವಾ ಚಾಕು ಮೀನು ಎಂಬುದು ಒಂದೇ ವಂಶದ ಹೆಸರಲ್ಲ. ಚಪ್ಪಟೆಯಾದ ಮೈ, ಹಿಂದಕ್ಕೆ ಹೋದಂತೆ ಮೊನಚಾಗುವ ಬಾಲ, ಹೊಟ್ಟೆಯಡಿ ಉದ್ದಕ್ಕೂ ಅಲೆಯಾಡುವ ಒಂದೇ ಈಜುರೆಕ್ಕೆ, ಆ ಅಲೆಯನ್ನು ತಿರುಗಿಸಿದ ಮಾತ್ರದಿಂದಲೇ ಮುಂದೆ ಈಜಿದಷ್ಟೇ ಸಲೀಸಾಗಿ ಹಿಂದಕ್ಕೂ ಈಜುವ ಸಾಮರ್ಥ್ಯ ಇವೆಲ್ಲ ಇರುವ, ಆದರೆ ಪರಸ್ಪರ ಹತ್ತಿರದ ನಂಟಿಲ್ಲದ ಏಷ್ಯಾದ ಮತ್ತು ದಕ್ಷಿಣ ಅಮೆರಿಕದ ಮೀನುಗಳನ್ನು ವ್ಯಾಪಾರದ ಅನುಕೂಲಕ್ಕಾಗಿ ಈ ಒಂದೇ ಹೆಸರಿನಡಿ ಮಾರಲಾಗುತ್ತದೆ. ಪ್ರಸ್ತುತ ಸಂದರ್ಶನವು ಪುಣೆಯ ಕೋಥ್ರೂಡ್ ಬಡಾವಣೆಯ ಒಂದು ಕನ್ನಡ ಮನೆಯಲ್ಲಿ, ಟಿ.ವಿ.ಯ ಪಕ್ಕದ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ವಾಸವಾಗಿರುವ ಬ್ಲ್ಯಾಕ್ ಘೋಸ್ಟ್ ಜಾತಿಯ ಒಂದು ಮೀನಿನೊಂದಿಗೆ ರಾತ್ರಿ ದೀಪ ಆರಿಸಿದ ಬಳಿಕ ನಡೆದದ್ದು. ಉತ್ತರಗಳಲ್ಲಿ ಉತ್ತಮ ಪುರುಷ ಸರ್ವನಾಮ ಕಾಣದಿರುವುದಕ್ಕೆ ವಿನಯ ಕಾರಣವಲ್ಲ. ಸೆಕೆಂಡಿಗೆ ಸುಮಾರು ಸಾವಿರ ಸಲ ತನ್ನಿರವನ್ನು ವಿದ್ಯುತ್ ಸ್ಪಂದನಗಳ ಮೂಲಕ ಸಾರಿಕೊಳ್ಳುವ ಜೀವಿಗೆ ಅದನ್ನು ಮಾತಿನಲ್ಲಿಯೂ ಹೇಳಬೇಕೆನಿಸುವುದಿಲ್ಲ.

ಪ್ರಶ್ನೆ: ತಮ್ಮ ಮೂಲ ಯಾವುದು, ಹುಟ್ಟಿದ್ದು ಎಲ್ಲಿ?

ಉತ್ತರ: ಮೂಲ ಅಮೆಜಾನ್ ಸೀಮೆಯ ನದಿಗಳು, ಜನನ ಬಹುಶಃ ಇಂಡೊನೇಷ್ಯಾದ ಮೀನುಸಾಕಣೆ ಕೇಂದ್ರ, ವಾಸ ಕೋಥ್ರೂಡ್. ಈ ಜಾತಿಯನ್ನು ಲಿನೇಯಸ್ 1766ರಲ್ಲಿಯೇ ಶಾಸ್ತ್ರೀಯವಾಗಿ ಹೆಸರಿಸಿದ್ದರೂ, ಅಕ್ವೇರಿಯಂ ವ್ಯಾಪಾರಕ್ಕೆ ಬರುವ ಮರಿಗಳು ಹೆಚ್ಚಾಗಿ ಇಂಡೊನೇಷ್ಯಾದಲ್ಲಿ ಹುಟ್ಟಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ವಿಮಾನವೇರುತ್ತವೆ. ಮನೆಯ ಯಜಮಾನರನ್ನು ಊರು ಯಾವುದೆಂದು ಕೇಳಿದರೆ ಅವರೂ ಮೂಲ ಧಾರವಾಡ, ಜನನ ಸೊಲ್ಲಾಪುರ, ವಾಸ ಕೋಥ್ರೂಡ್ ಎಂದು ಇಷ್ಟೇ ಉದ್ದದ ಉತ್ತರ ಕೊಡುವುದರಿಂದ, ಈ ವಿಷಯದಲ್ಲಿ ತೊಟ್ಟಿಯ ಒಳಗೂ ಹೊರಗೂ ಭಿನ್ನಾಭಿಪ್ರಾಯವಿಲ್ಲ.

ಪ್ರಶ್ನೆ: ಆದರೆ ತಾವು ಹಗಲಿನಲ್ಲಿ ಮುಖವನ್ನೇ ತೋರಿಸುವುದಿಲ್ಲ, ದುಡ್ಡು ಕೊಟ್ಟು ತಂದ ಮೀನು ನೆಂಟರು ಬಂದಾಗ ಕೊಳವೆಯೊಳಗೆ ಮಲಗಿರುತ್ತದೆ ಎಂದು ಯಜಮಾನರ ದೂರು.

ಉತ್ತರ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯ ಬಾಗಿಲೆಳೆದು ನಿದ್ದೆ ಮಾಡುವುದನ್ನು ನಾಗರಿಕತೆಯ ಲಕ್ಷಣವೆಂದು ಗೌರವಿಸುವ ಊರಿನಲ್ಲಿ, ನಿಶಾಚರ ಮೀನೊಂದು ಬೆಳಗಿನಿಂದ ಸಂಜೆಯವರೆಗೆ ಬಾಗಿಲೆಳೆದುಕೊಂಡರೆ ಅದನ್ನು ಅಹಂಕಾರವೆಂದು ಕರೆಯುವುದು ನ್ಯಾಯವಲ್ಲ. ಮೀನಿನ ಅಂಗಡಿಯವರು ಇದಕ್ಕೊಂದು ಉಪಾಯ ಹೇಳಿಕೊಟ್ಟರು, ಅದರಂತೆ ಯಜಮಾನರು ಕರಿ ಕೊಳವೆಯನ್ನು ತೆಗೆದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಇಟ್ಟಿದ್ದಾರೆ. ಕೊಳವೆಯ ಗೋಡೆ ಸುತ್ತಲೂ ಇದೆಯೆಂಬುದು ಈ ಮೀನಿಗೆ ಕಣ್ಣಿನಿಂದಲ್ಲ, ಮೈಯ ವಿದ್ಯುತ್ ಸಂವೇದನೆಯಿಂದ ತಿಳಿಯುವುದರಿಂದ ತಾನು ಅಡಗಿರುವೆನೆಂಬ ನೆಮ್ಮದಿ ಮೀನಿಗೆ, ಮೀನು ಕಾಣುತ್ತಿದೆಯೆಂಬ ನೆಮ್ಮದಿ ಯಜಮಾನರಿಗೆ. ದಾಂಪತ್ಯಗಳೂ ಇದಕ್ಕಿಂತ ದುರ್ಬಲವಾದ ಒಪ್ಪಂದಗಳ ಮೇಲೆ ನಡೆದಿವೆ.

ಪ್ರಶ್ನೆ: ಆ ವಿದ್ಯುತ್ ಸಂವೇದನೆಯನ್ನು ಸ್ವಲ್ಪ ವಿವರಿಸಬಹುದೆ?

ಉತ್ತರ: ಬಾಲದಲ್ಲಿರುವ ವಿದ್ಯುದಂಗವು ಮೈಯ ಸುತ್ತ ಒಂದು ದುರ್ಬಲ ವಿದ್ಯುತ್ ಕ್ಷೇತ್ರವನ್ನು ಹರಡುತ್ತದೆ, ಆ ಕ್ಷೇತ್ರದೊಳಗೆ ಕಲ್ಲು, ಬೇರು, ಹುಳು ಏನೇ ಬಂದರೂ ಕ್ಷೇತ್ರ ಸ್ವಲ್ಪ ಬಾಗುತ್ತದೆ, ಆ ಬಾಗನ್ನು ಚರ್ಮದಲ್ಲಿ ಹರಡಿರುವ ಗ್ರಾಹಕಗಳು, ಅಂದರೆ ಸೂಕ್ಷ್ಮ ಸಂವೇದನಾಂಗಗಳು, ಗ್ರಹಿಸುತ್ತವೆ. ಮೀನುಗಳಿಗೆ ಹೀಗೊಂದು ಇಂದ್ರಿಯ ಇರಬಹುದೆಂಬುದಕ್ಕೆ ದಾರಿ ತೋರಿದವರು ಕೇಂಬ್ರಿಡ್ಜಿನ ಹ್ಯಾನ್ಸ್ ಲಿಸ್‌ಮನ್; ಅವರು 1951ರಲ್ಲಿ ಆಫ್ರಿಕಾದ ಜಿಮ್ನಾರ್ಕಸ್ ಎಂಬ ಬೇರೊಂದು ವಂಶದ ಮೀನು ಬಿಡುವಿಲ್ಲದೆ ವಿದ್ಯುತ್ ಸ್ಪಂದನಗಳನ್ನು ಹೊರಡಿಸುವುದನ್ನು ಪ್ರಕಟಿಸಿದರು. ಬ್ಲ್ಯಾಕ್ ಘೋಸ್ಟ್‌ನ ಗಣಕ್ಕೇ ಸೇರಿದ ವಿದ್ಯುತ್ ಹಾವುಮೀನಿನ ಒಂದು ಪ್ರಭೇದದಲ್ಲಿ 860 ವೋಲ್ಟ್ ಅಳೆಯಲಾಗಿದೆಯೆಂದು 2019ರಲ್ಲಿ ವರದಿಯಾದಾಗ ಕುಲಕ್ಕೆ ಹೆಮ್ಮೆಯಾದದ್ದು ನಿಜ, ಆದರೆ ಈ ಮೀನಿನ ಶಕ್ತಿ ಅದರ ಮುಂದೆ ಲೆಕ್ಕಕ್ಕೇ ಬಾರದ್ದು. ಕರೆಂಟ್ ಹೋದಾಗ ಯಜಮಾನರ ಮಗ ತೊಟ್ಟಿಯ ಕಡೆ ಆಸೆಯಿಂದ ನೋಡುವುದು ವ್ಯರ್ಥ. ಹಾವುಮೀನಿನ ವಿದ್ಯುದಂಗ ಸ್ನಾಯುವಿನಿಂದ ಮಾರ್ಪಟ್ಟದ್ದಾದರೆ, ಬ್ಲ್ಯಾಕ್ ಘೋಸ್ಟ್‌ನ ಅಂಗ ನರತಂತುಗಳಿಂದಲೇ ಆದದ್ದು. ನಿದ್ದೆಯಲ್ಲಿಯೂ ಅದರ ಸ್ಪಂದನ ನಿಲ್ಲುವುದಿಲ್ಲ, ಮತ್ತು ಆ ಸ್ಪಂದನದ ಲಯವು ಜೀವಲೋಕದಲ್ಲಿ ತಿಳಿದಿರುವ ಅತ್ಯಂತ ಸ್ಥಿರವಾದ ಲಯಗಳಲ್ಲಿ ಒಂದು. ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಸಂಗೀತ ಮಹೋತ್ಸವವನ್ನು ಆರಂಭಿಸಿದ ಈ ನಗರದಲ್ಲಿ, ಹುಟ್ಟಿನಿಂದ ಸಾವಿನವರೆಗೆ ಶ್ರುತಿ ಬಿಡದ ಜೀವಿಗೆ ಒಂದು ಪಾಸ್ ಕೂಡ ದೊರೆತಿಲ್ಲವೆಂಬುದನ್ನು ದಾಖಲಿಸಬೇಕು.

ಪ್ರಶ್ನೆ: ಒಂದೇ ನೀರಿನಲ್ಲಿ ಎರಡು ಮೀನುಗಳ ಶ್ರುತಿ ಒಂದಕ್ಕೊಂದು ತಾಗಿದರೆ?

ಉತ್ತರ: ಎರಡು ಮೀನುಗಳ ಆವರ್ತನ, ಅಂದರೆ ಸೆಕೆಂಡಿಗೆ ಹೊರಡುವ ಸ್ಪಂದನಗಳ ಸಂಖ್ಯೆ, ತೀರ ಹತ್ತಿರ ಬಂದರೆ ಎರಡಕ್ಕೂ ಸುತ್ತಲಿನ ಚಿತ್ರ ಕಲಸಿಹೋಗುತ್ತದೆ. ಆಗ ಶ್ರುತಿಯನ್ನು ಸರಿಸಿ ನಡುವೆ ಅಂತರ ತಂದುಕೊಳ್ಳುವ ಒಂದು ಪದ್ಧತಿ ಈ ಗಣದಲ್ಲಿದೆ. ಅದನ್ನು ಜಪಾನಿನ ವತನಾಬೆ ಮತ್ತು ತಕೆದಾ 1963ರಲ್ಲಿ ಗಾಜಿನಂತೆ ತೋರುವ ಐಗನ್‌ಮಾನಿಯ ಎಂಬ ಚಾಕು ಮೀನಿನಲ್ಲಿ ವರ್ಣಿಸಿದರು. ಇನ್ನೊಬ್ಬರ ಸದ್ದು ತನ್ನ ಸದ್ದಿಗೆ ಅಡ್ಡಬಂದರೆ ತಾನು ಬದಿಗೆ ಸರಿಯುವುದೆಂಬ ಈ ಉಪಾಯವು ಗಣೇಶೋತ್ಸವದ ಢೋಲ್‌–ತಾಶಾ ಪಥಕಗಳಿಗೂ, ಕರ್ವೆ ರಸ್ತೆಯ ಹಾರ್ನುಗಳಿಗೂ, ಕನ್ನಡ ಸಭೆಗಳಲ್ಲಿ ವಂದನಾರ್ಪಣೆಗೆ ಎದ್ದು ಭಾಷಣ ಮಾಡುವವರಿಗೂ ಇನ್ನೂ ತಲುಪಿಲ್ಲ. ಆದರೂ ಮೀನುಗಳನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಶ್ರುತಿಯ ಜಗಳ ಬಗೆಹರಿದರೂ ಕೊಳವೆಯ ಜಗಳ ಬಗೆಹರಿಯುವುದಿಲ್ಲ. ಎರಡು ಅಡಿಯ ತೊಟ್ಟಿಯಲ್ಲಿ ಎರಡು ಬ್ಲ್ಯಾಕ್ ಘೋಸ್ಟ್‌ಗಳನ್ನು ಬಿಟ್ಟರೆ ಒಂದರ ರೆಕ್ಕೆ ಹರಿಯುವುದು ಬಹುಮಟ್ಟಿಗೆ ಖಚಿತ.

ಪ್ರಶ್ನೆ: ಊಟದ ವ್ಯವಸ್ಥೆ ಹೇಗಿದೆ?

ಉತ್ತರ: ಮನೆ ಶುದ್ಧ ಸಸ್ಯಾಹಾರಿ. ಈರುಳ್ಳಿಗೂ ಚಾತುರ್ಮಾಸದಲ್ಲಿ ಪ್ರವೇಶವಿಲ್ಲದ ಆ ಮನೆಯ ಫ್ರೀಜರಿನಲ್ಲಿ, ತೆಂಗಿನ ತುರಿಯ ಡಬ್ಬಿಯ ಹಿಂದೆ, ಬ್ಲಡ್‌ವರ್ಮ್ ಎಂದು ಕರೆಯಲಾಗುವ ಕೆಂಪು ಹುಳುಗಳ ಹೆಪ್ಪುಗಟ್ಟಿದ ಬಿಲ್ಲೆಗಳಿವೆ. ಅವು ಒಂದು ಬಗೆಯ ನೊಣದ ಮರಿಹುಳುಗಳು. ಆ ಪೊಟ್ಟಣಕ್ಕೆ ಮನೆಯಲ್ಲಿ ‘ಮೀನಿನ ಔಷಧ’ ಎಂದು ಹೆಸರು. ಅಂಗಡಿಯ ಒಣ ಗುಳಿಗೆಗಳನ್ನು ಹಾಕಿದರೆ ನಿಶಾಚರ ಮೀನು ಏಳುವ ಹೊತ್ತಿಗೆ ಅವು ಕರಗಿ ನೀರನ್ನು ಕೆಡಿಸಿರುತ್ತವೆ.

ಪ್ರಶ್ನೆ: ನೀರಿನ ಬಗ್ಗೆ ಹೇಳುವುದಾದರೆ?

ಉತ್ತರ: ಅಂಗಡಿಯಲ್ಲಿ ಬೆರಳುದ್ದ ಇದ್ದ ಮೀನು 50 ಸೆಂಟಿಮೀಟರಿನವರೆಗೆ ಬೆಳೆಯಬಲ್ಲದೆಂಬ ಸಂಗತಿಯನ್ನು ಮಾರುವವರು ಹೇಳಲಿಲ್ಲ, ಕೊಳ್ಳುವವರು ಕೇಳಲಿಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಸುಮಾರು 57 ಲೀಟರ್ ಹಿಡಿಯುತ್ತದೆ. ಪೂರ್ಣ ಬೆಳೆದ ಮೀನು ಅದರಲ್ಲಿ ತಿರುಗುವುದೂ ಕಷ್ಟ. ನೀರಿನಲ್ಲಿ ಕ್ಲೋರಿನ್ ತೆಗೆಯದಿದ್ದರೆ, ಬೇಸಿಗೆಯಲ್ಲಿ ಖಡಕವಾಸ್ಲಾದ ನೀರಿನ ಬದಲು ಬೋರ್‌ವೆಲ್ ಟ್ಯಾಂಕರಿನ ಗಡಸು ನೀರು ಬಂದರೆ, ಡಿಸೆಂಬರಿನ ಚಳಿಯ ರಾತ್ರಿ ಹೀಟರ್ ಕೆಟ್ಟರೆ, ಬಿಳಿ ಚುಕ್ಕೆ ರೋಗಕ್ಕೆಂದು ತಾಮ್ರವಿರುವ ಔಷಧಿಯನ್ನು ಬಾಟಲಿಯ ಮೇಲೆ ಬರೆದಷ್ಟೇ ಸುರಿದರೆ, ಅತಿ ಸಣ್ಣ ಹುರುಪೆಗಳ ಈ ಮೀನು ಮಿಕ್ಕೆಲ್ಲ ಮೀನುಗಳಿಗಿಂತ ಮೊದಲು ಸಾಯುತ್ತದೆ, ಮತ್ತು ಅದಕ್ಕೆ ಕಾರಣ ದೃಷ್ಟಿಯೆಂದು ತೀರ್ಮಾನವಾಗುತ್ತದೆ.

ಪ್ರಶ್ನೆ: ಪುಣೆಯ ನದಿಗಳಲ್ಲಿ ತಮ್ಮ ಹೆಸರಿನವರು ಯಾರೂ ಇರಲಿಲ್ಲವೆ?

ಉತ್ತರ: ಹೆಸರಿನವರಿದ್ದಾರೆ, ನೆಂಟರಲ್ಲ. ನೋಟಾಪ್ಟೆರಸ್ ಎಂಬ ಕಂಚುಬಣ್ಣದ ದೇಶೀಯ ಚಾಕು ಮೀನನ್ನು ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ 1769ರಲ್ಲಿ ವರ್ಣಿಸಿದ್ದರು. ಬೊಂಬಾಯಿ ಸರಕಾರದ ಅಂಕಿಅಂಶ ಅಧಿಕಾರಿಯಾಗಿದ್ದ ಕರ್ನಲ್ ಸೈಕ್ಸ್ ದಖ್ಖನಿನ ಮೀನುಗಳ ಪಟ್ಟಿ ಮಾಡುವಾಗ ಅದಕ್ಕೆ 1839ರಲ್ಲಿ ಇನ್ನೊಂದು ಹೆಸರಿಟ್ಟರು, ಅದು ಉಳಿಯಲಿಲ್ಲ. ಆ ಮೀನಿಗೆ ವಿದ್ಯುತ್ ಬರುವುದಿಲ್ಲ, ಆದರೆ ನೀರಿನ ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಲು ಬರುತ್ತದೆ. ಮುಠಾ ನದಿಯ ಇಂದಿನ ಸ್ಥಿತಿಯಲ್ಲಿ ಎರಡನೆಯ ವಿದ್ಯೆ ಹೆಚ್ಚು ಉಪಯುಕ್ತ. ಕಿಟಕಿಯಾಚೆಗೆ ಹರಿಯುವ ಆ ನದಿಯನ್ನು ದಾಟುವಾಗ ಕಾರಿನ ಗಾಜು ಏರಿಸುವ ಯಜಮಾನರು ಅಮೆಜಾನಿನ ಮೀನಿಗಾಗಿ ಪ್ರತಿ ಭಾನುವಾರ ನೀರಿನ ಪಿಎಚ್ ಪರೀಕ್ಷಿಸುತ್ತಾರೆ.

ಪ್ರಶ್ನೆ: ತೊಟ್ಟಿ ಸಾಲದಾದಾಗ ತಮ್ಮನ್ನು ಅದೇ ನದಿಯಲ್ಲಿ ವಿಸರ್ಜಿಸಬೇಕೆಂಬ ಆಲೋಚನೆ ಮನೆಯಲ್ಲಿದೆ ಎನ್ನುತ್ತಾರೆ.

ಉತ್ತರ: ಗಣಪತಿಗೆ ಮಹಾನಗರಪಾಲಿಕೆ ಪ್ರತ್ಯೇಕ ಹೊಂಡದ ವ್ಯವಸ್ಥೆ ಮಾಡುತ್ತದೆ, ಮೀನಿಗೆ ಮಾಡಿಲ್ಲ. ಬ್ಲ್ಯಾಕ್ ಘೋಸ್ಟನ್ನು ಮುಠಾದಲ್ಲಿ ಬಿಟ್ಟರೆ ಅದು ಸಾಯುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಅದೇ ಅಂಗಡಿಯಲ್ಲಿ ಮಾರುವ, ಪಕ್ಕೆಯ ಮೇಲೆ ಕಣ್ಣಿನಂಥ ಕಪ್ಪು ಬೊಟ್ಟುಗಳಿರುವ, ಒಂದು ಮೀಟರಿನವರೆಗೆ ಬೆಳೆಯುವ ಮೆಕಾಂಗ್ ಸೀಮೆಯ ಕ್ಲೌನ್ ನೈಫ್‌ಫಿಶ್ ಗಾಳಿ ನುಂಗಬಲ್ಲದ್ದಾದ್ದರಿಂದ ಅದು ಸಾಯುವುದಿಲ್ಲ, ಉಳಿದವರನ್ನು ತಿನ್ನುತ್ತದೆ. ಫಿಲಿಪ್ಪೀನ್ಸಿನ ಲಗೂನಾ ದೆ ಬೇ ಸರೋವರಕ್ಕೆ ಅದು ಅಲಂಕಾರದ ಮೀನಾಗಿ ಸಾಕಿದವರ ಕೊಳಗಳಿಂದಲೇ ಸೇರಿಕೊಂಡಿತೆನ್ನುತ್ತಾರೆ; ಕಡೆಗೆ ಸರಕಾರವೇ ಅದನ್ನು ಹಿಡಿದು ಕಡಿಮೆ ಮಾಡುವ ಕಾರ್ಯಕ್ರಮ ಹಾಕಿಕೊಳ್ಳಬೇಕಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ: ತೊಟ್ಟಿಯ ಗಾಜು ನೆಕ್ಕಿ ಚೊಕ್ಕಟ ಮಾಡಲೆಂದು ತಂದ ಸಕ್ಕರ್ ಮೀನು ಇಂದು ಉಜನಿ ಜಲಾಶಯದ ಬಲೆಗಳನ್ನು ಹರಿಯುತ್ತಿದೆ. ಉಜನಿಯ ಕೆಳಗೆ ಭೀಮೆ ಕರ್ನಾಟಕಕ್ಕೆ ಇಳಿಯುತ್ತದೆ. ಕೃಷ್ಣಾ ಕಣಿವೆಯ ನೀರನ್ನು ಟಿಎಂಸಿಗಳಲ್ಲಿ ಅಳೆದು ಹಂಚಿದ ನ್ಯಾಯಮಂಡಳಿಗಳು, ಆ ನೀರಿನೊಂದಿಗೆ ಮಹಾರಾಷ್ಟ್ರ ಇನ್ನೇನನ್ನು ಬಿಡಬಹುದೆಂಬುದನ್ನು ತೀರ್ಪಿನಲ್ಲಿ ಬರೆಯಲಿಲ್ಲ. ಇದೊಂದು ಬಾಬತ್ತಿನಲ್ಲಿ ಹೆಚ್ಚು ಬಿಡುಗಡೆಯಾಯಿತೆಂದು ಕರ್ನಾಟಕ ದೂರು ಕೊಡಬೇಕಾದೀತು.

ಪ್ರಶ್ನೆ: ಹಾಗಾದರೆ ತಮ್ಮ ಬೇಡಿಕೆಯೇನು?

ಉತ್ತರ: ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ, ಬಿಗಿಯಾದ ಮುಚ್ಚಳ, ಮಂದ ಬೆಳಕು. ಅಂಥ ತೊಟ್ಟಿಯಲ್ಲಿ ನೀರೇ ಸುಮಾರು 680 ಕಿಲೋ ತೂಗುವುದರಿಂದ ನಾಲ್ಕನೆಯ ಮಹಡಿಯಲ್ಲಿ ಇಡಲು ಹೌಸಿಂಗ್ ಸೊಸೈಟಿಯ ಅನುಮತಿ ಬೇಕಂತೆ. ಯಜಮಾನರು ಅರ್ಜಿ ಕೊಟ್ಟಿದ್ದಾರೆ. ಕಾರ್ಯದರ್ಶಿಗಳು ಅದನ್ನು ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ, ಲಿಫ್ಟಿನ ದುರಸ್ತಿ ಮತ್ತು ಪಾರ್ಕಿಂಗ್ ತಕರಾರುಗಳ ನಂತರ, ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳಲ್ಲಿ ಸೇರಿಸಿದ್ದಾರೆ. ಕಳೆದ ವರ್ಷದ ಸಭೆ ಕೋರಂ ಇಲ್ಲದೆ ಮುಂದೆ ಹೋಗಿತ್ತು.